ಒಂದೇ ಅಡ್ಡಗೆರೆ, ಎರಡು ಅರ್ಥ: ಟ್ರೊಮ್ಸೊದಲ್ಲಿ ಬಳಸಿದ ಚಂದ್ರೋದಯ ಪಟ್ಟಿ

ಉತ್ತರ ನಾರ್ವೆಯ ಟ್ರೊಮ್ಸೊ ನಗರದಲ್ಲಿ ನಾನು ಕಳೆದ ಮೊದಲ ಚಳಿಗಾಲ 2024ರದು. ನವೆಂಬರ್ ಕೊನೆಯಲ್ಲಿ ಮುಳುಗುವ ಸೂರ್ಯ ಜನವರಿಯ ಮಧ್ಯದವರೆಗೆ ದಿಗಂತದ ಮೇಲೆ ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದುದರಿಂದ, ಆ ಏಳು ವಾರ ಚಂದ್ರನ ಲೆಕ್ಕವನ್ನಾದರೂ ಇಟ್ಟುಕೊಳ್ಳೋಣವೆಂದು, ಊರಿನ ಹೆಸರು ಕೊಟ್ಟರೆ ಇಡೀ ತಿಂಗಳ ಚಂದ್ರೋದಯ, ಚಂದ್ರಾಸ್ತ ಮತ್ತು ಚಂದ್ರಕಲೆಗಳನ್ನು ಒಂದೇ ಪುಟದಲ್ಲಿ ತೋರಿಸುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ತಿಂಗಳಿಡೀ ಅದನ್ನು ಬಳಸಿದಾಗ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಲೆಕ್ಕದ ಮಟ್ಟಿಗೆ ದೂರಲು ಏನೂ ಇಲ್ಲ. ಡಿಸೆಂಬರ್ 1ರ ಅಮಾವಾಸ್ಯೆ, 8ರ ಅರ್ಧಚಂದ್ರ, 15ರ ಬೆಳಿಗ್ಗೆ 10 ಗಂಟೆ 2 ನಿಮಿಷಕ್ಕೆ ಪೂರ್ಣಗೊಂಡ ಹುಣ್ಣಿಮೆ, 22ರ ರಾತ್ರಿಯ ಕೃಷ್ಣಪಕ್ಷದ ಅರ್ಧಚಂದ್ರ, 30ರಂದು ಮತ್ತೆ ಅಮಾವಾಸ್ಯೆ, ಇವೆಲ್ಲವನ್ನೂ ಸ್ಥಳೀಯ ಗಡಿಯಾರಕ್ಕೆ ಸರಿಹೊಂದಿಸಿಯೇ ಕೊಟ್ಟಿದ್ದರು. ಬೆಳಗಿದ ಭಾಗ ಶೇಕಡಾ ಎಷ್ಟು, ಚಂದ್ರ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂಬ ವಿವರವೂ ಇತ್ತು. ಅಕ್ಷರ ದೊಡ್ಡದು, ಜಾಹೀರಾತು ಇಲ್ಲ.

ತೊಡಕು ಇರುವುದು ಪಟ್ಟಿಯ ಖಾಲಿ ಮನೆಗಳಲ್ಲಿ. ಟ್ರೊಮ್ಸೊ ಇರುವುದು 69.65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಂದ್ರನ ಕ್ರಾಂತಿ, ಅಂದರೆ ಆಕಾಶದ ವಿಷುವದ್ವೃತ್ತದಿಂದ ಅವನಿಗಿರುವ ದೂರ, ಉತ್ತರಕ್ಕೆ ಸುಮಾರು 20 ಡಿಗ್ರಿ ದಾಟಿದರೆ ಅವನು ಇಲ್ಲಿ ಮುಳುಗುವುದೇ ಇಲ್ಲ. ದಕ್ಷಿಣಕ್ಕೆ ಅಷ್ಟೇ ದಾಟಿದರೆ ಹುಟ್ಟುವುದೇ ಇಲ್ಲ. 2024-25ರಲ್ಲಿ ಈ ಕ್ರಾಂತಿ 28 ಡಿಗ್ರಿಯನ್ನೂ ಮೀರಿ ಹೋಗುತ್ತಿದ್ದುದರಿಂದ, ಡಿಸೆಂಬರಿನ ಸುಮಾರು ಅರ್ಧದಷ್ಟು ದಿನಗಳಲ್ಲಿ ಉದಯವೂ ಇರಲಿಲ್ಲ, ಅಸ್ತವೂ ಇರಲಿಲ್ಲ. ಅಂಥ ದಿನಗಳ ಎದುರು ಪಟ್ಟಿಯಲ್ಲಿ ಇದ್ದದ್ದು ಒಂದೊಂದು ಅಡ್ಡಗೆರೆ ಮಾತ್ರ. ಅಮಾವಾಸ್ಯೆಯ ಆಸುಪಾಸಿನಲ್ಲಿ ಚಂದ್ರ ದಿನವಿಡೀ ದಿಗಂತದ ಕೆಳಗಿದ್ದಾಗಲೂ ಅದೇ ಗೆರೆ. ಹುಣ್ಣಿಮೆಯ ಚಂದ್ರ ನಡುರಾತ್ರಿ ದಕ್ಷಿಣದಲ್ಲಿ 48 ಡಿಗ್ರಿ ಎತ್ತರಕ್ಕೇರಿ, ನಡುಮಧ್ಯಾಹ್ನ ಉತ್ತರದಲ್ಲಿ ಸುಮಾರು 8 ಡಿಗ್ರಿಯವರೆಗೆ ಮಾತ್ರ ಇಳಿದು, ಮುಳುಗದೆ ಊರನ್ನು ಸುತ್ತಿ ಬಂದಾಗಲೂ ಅದೇ ಗೆರೆ. ಇಡೀ ದಿನ ಇರುವವನಿಗೂ ಇಡೀ ದಿನ ಇಲ್ಲದವನಿಗೂ ಒಂದೇ ಗುರುತು ಹಾಕುವ ಪಟ್ಟಿಯನ್ನು, ಅದರ ಅಂಕಿಗಳು ಎಷ್ಟೇ ಕರಾರುವಾಕ್ಕಾಗಿದ್ದರೂ, ಚೆನ್ನಾಗಿದೆ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇದರ ಫಜೀತಿ ನನಗೆ ತಟ್ಟಿದ್ದು 18ನೆಯ ತಾರೀಖು, ಸಂಕಷ್ಟಿಯ ದಿನ. ಮೈಸೂರಿನಿಂದ ಫೋನು ಮಾಡಿದ ಅಮ್ಮ, "ಅಲ್ಲಿ ಚಂದ್ರೋದಯ ಎಷ್ಟು ಗಂಟೆಗಪ್ಪಾ? ನೋಡ್ಕೊಂಡು ಊಟ ಮಾಡು" ಎಂದರು. ಅವರ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಚೌಕದೊಳಗೆ ಗಂಟೆ, ನಿಮಿಷ ಅಚ್ಚಾಗಿರುತ್ತದೆ. ನನ್ನ ಪಟ್ಟಿಯಲ್ಲಿ ಅಡ್ಡಗೆರೆ ಇತ್ತು. ಚಂದ್ರ ಇಂದು ಹುಟ್ಟುವುದಿಲ್ಲ ಎಂದೆ. ನಿಜದಲ್ಲಿ ಅವನು ಹಿಂದಿನ ಐದು ದಿನಗಳಿಂದ ಮುಳುಗಿರಲೇ ಇಲ್ಲ; ಆ ಮಧ್ಯಾಹ್ನ ಉತ್ತರದ ದಿಗಂತವನ್ನು ಸವರಿಕೊಂಡು ಹೋಗಿ ಮತ್ತೆ ಏರತೊಡಗಿದ್ದ. ರಾತ್ರಿ ಕಸ ಹಾಕಲು ಹೊರಗೆ ಹೋದಾಗ, ಹಿಮದ ಮೇಲೆ ನನ್ನದೇ ನೆರಳು ಬಿದ್ದಿದ್ದನ್ನು ಕಂಡು ತಲೆಯೆತ್ತಿದೆ. ಹುಟ್ಟದೆ ಮೇಲಿದ್ದ ಚಂದ್ರನಿಗೆ ಅರ್ಘ್ಯ ಯಾವ ಹೊತ್ತಿಗೆ ಎಂಬ ಪ್ರಶ್ನೆಗೆ ನಮ್ಮ ಪುರೋಹಿತರ ಬಳಿಯೂ ಉತ್ತರ ಸಿದ್ಧವಿರಲಾರದು. ಅಮ್ಮ ಮಾತ್ರ ಕ್ಷಣವೂ ತಡಮಾಡದೆ ಮೈಸೂರಿನ ಹೊತ್ತನ್ನೇ ಹಿಡಿಯಲು ಹೇಳಿದರು.

ಪಟ್ಟಿಯಿಂದ ಕಲಿತದ್ದೂ ಇದೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆಂಬ ಶಾಲೆಯ ಪಾಠ ಇಲ್ಲಿ ನಡೆಯುವುದಿಲ್ಲ. 8ರ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರ ದಿನೇದಿನೇ ಉತ್ತರಕ್ಕೆ ಸರಿಯುತ್ತಿದ್ದುದರಿಂದ, ಅವನು ದಿಗಂತದ ಮೇಲಿರುವ ಅವಧಿ ಬೇಗಬೇಗ ಹಿಗ್ಗಿ, ಉದಯ ಪ್ರತಿದಿನ ಮೊದಲಿಗಿಂತ ಬೇಗ ಆಗುತ್ತಿತ್ತು, ಅಸ್ತ ಮಾತ್ರ ದಿನಕ್ಕೆ ಎರಡು ಗಂಟೆಯ ಹತ್ತಿರ ತಡವಾಗುತ್ತಿತ್ತು. ಮೊದಲು ಇದನ್ನು ಅಚ್ಚಿನ ತಪ್ಪೆಂದೇ ತಿಳಿದು ದೂರು ಬರೆಯಲು ಕುಳಿತಿದ್ದೆ. ಕೃಷ್ಣಪಕ್ಷದಲ್ಲಿ ಎಲ್ಲವೂ ತಿರುವುಮುರುವು.

ಇನ್ನೊಂದು ಕೊರತೆ ಬೆಟ್ಟಗಳದು. ಪಟ್ಟಿ ಸಮತಟ್ಟಾದ ದಿಗಂತವನ್ನು ಊಹಿಸಿಕೊಳ್ಳುತ್ತದೆ. ಟ್ರೊಮ್ಸೊ ಇರುವ ದ್ವೀಪದ ಪೂರ್ವಕ್ಕೆ, ಸೇತುವೆಯಾಚೆ, 1238 ಮೀಟರ್ ಎತ್ತರದ ಟ್ರೊಮ್ಸ್‌ದಾಲ್ಸ್‌ಟಿಂಡೆನ್ ನಿಂತಿದೆ. ಬೆಂಗಳೂರಿನಲ್ಲಿ ಹುಟ್ಟಿದ ಚಂದ್ರ ಗಂಟೆಗೆ 14 ಡಿಗ್ರಿಯಷ್ಟು ನೆಟ್ಟಗೆ ಏರುವುದರಿಂದ ಅಡ್ಡವಿರುವ ಗುಡ್ಡ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಅವನು ಓರೆಯಾಗಿ, ಗಂಟೆಗೆ 5 ಡಿಗ್ರಿಯಷ್ಟೇ ಏರುತ್ತಾನೆ. 8ರಂದು ಪಟ್ಟಿಯ ಸಮಯಕ್ಕೆ ಸರಿಯಾಗಿ ಬಂದರಿನ ಕಟ್ಟೆಯ ಮೇಲೆ ನಿಂತವನು, ಕೈಬೆರಳು ಮರಗಟ್ಟುವಂತೆ ಒಂದು ಗಂಟೆಗೂ ಹೆಚ್ಚು ಕಾದ ಮೇಲೆಯೇ ಬೆಟ್ಟದ ಅಂಚಿನಲ್ಲಿ ಬಿಳಿಯ ಚೂರೊಂದನ್ನು ಕಂಡದ್ದು. ಇದಕ್ಕೆ ಆ್ಯಪನ್ನು ಪೂರ್ತಿ ದೂರಲಾರೆ, ಆದರೆ ಒಂದು ಸಾಲಿನ ಎಚ್ಚರಿಕೆಯನ್ನಾದರೂ ಕೊಡಬಹುದಿತ್ತು.

ಚಂದಾ ಕಟ್ಟಿದವರಿಗೆ ಒಂದು ಉಪಾಯ ಹೇಳುತ್ತೇನೆ: ಡಿಸೆಂಬರಿನ ಅಡ್ಡಗೆರೆಯ ಪಕ್ಕದಲ್ಲಿ ಬೆಳಗಿದ ಭಾಗ ಅರ್ಧಕ್ಕಿಂತ ಹೆಚ್ಚಿದ್ದರೆ ಚಂದ್ರ ಮೇಲಿದ್ದಾನೆಂದು, ಕಡಿಮೆಯಿದ್ದರೆ ಕೆಳಗಿದ್ದಾನೆಂದು ತಿಳಿಯಬಹುದು, ಜೂನ್ ತಿಂಗಳಿಗೆ ಇದು ತದ್ವಿರುದ್ಧ. ಗೆರೆಯ ಜಾಗದಲ್ಲಿ "ಇಡೀ ದಿನ ಮೇಲೆ", "ಇಡೀ ದಿನ ಕೆಳಗೆ" ಎಂದು ಬರೆಯುವಂತೆ ತಯಾರಕರಿಗೆ ಎರಡು ಬಾರಿ ಬರೆದೆ, ಉತ್ತರ ಬಂದಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಚಂದ್ರನ ಕ್ರಾಂತಿಯ ಮಿತಿ 18.6 ವರ್ಷಗಳ ಚಕ್ರದಲ್ಲಿ ಹಿಗ್ಗಿ ಕುಗ್ಗುತ್ತದೆ. 2034ರ ಸುಮಾರಿಗೆ ಅದು ಹದಿನೆಂಟೂವರೆ ಡಿಗ್ರಿಯೊಳಕ್ಕೆ ಇಳಿದು, ಟ್ರೊಮ್ಸೊದಲ್ಲೂ ಚಂದ್ರ ತಿಂಗಳಿಡೀ ತಪ್ಪದೆ ಹುಟ್ಟಿ ಮುಳುಗುತ್ತಾನೆ. ತಯಾರಕರು ಆವರೆಗೆ ಏನೂ ಮಾಡದಿದ್ದರೂ ಪಟ್ಟಿ ತಾನಾಗಿಯೇ ಸರಿಹೋಗುತ್ತದೆ.