ಧಾರವಾಡ ಸುಭಾಸ ರೋಡ್ ಹಿಂದಿನ ಹಳೇ ಬುಕ್ಕು-ಕ್ಯಾಸೆಟ್ ಅಂಗಡಿ: ಕಾಶ್ಮೀರದ ಕಪಾಟು ನೋಡಾಕರ ಹೋಗ್ರಿ

ಸುಭಾಸ ರೋಡಿಗೆ ಬುಕ್ಕಿಗಂತ ಬಂದವ್ರು ಮನೋಹರ ಗ್ರಂಥಮಾಲಾ ನೋಡ್ಕೊಂಡು ಹಂಗ ವಾಪಸ್ ಹೋಗ್ತಾರ, ಹಿಂದಿನ ಗಲ್ಲಿಯೊಳಗ ಬೋರ್ಡ್ ಸೈತ ಇಲ್ಲದ ಒಂದು ಸಣ್ಣ ಅಂಗಡಿ ಐತಿ, ಅಲ್ಲಿಗೂ ಹೋಗ್ರಿ. ಅಂಗಡಿ ಕಾಕಾ ಬುಕ್ಕು, ಕ್ಯಾಸೆಟ್, ಎಲ್‌ಪಿ ಬ್ಯಾರೆ ಬ್ಯಾರೆ ಇಡಂಗಿಲ್ಲ, ವಿಷಯ ನೋಡಿ ಕೂಡೇ ಜೋಡಸ್ತಾರ. ಕಾಶ್ಮೀರದ್ದ ಒಂದು ಕಪಾಟು ಐತಿ ನೋಡ್ರಿ, ಅದಕ್ಕ ಈ ರಿವ್ಯೂ ಬರ್ಯಾಕತ್ತೀನಿ.

ನಮ್ಮ ಕಡೆ ಮಂದಿಗೆ ಕಾಶ್ಮೀರ ಗೊತ್ತಾಗಿದ್ದೇ ಪಿಕ್ಚರ್ ಹಾಡಿನಿಂದ. 1964ರ 'ಕಾಶ್ಮೀರ್ ಕಿ ಕಲಿ'ಯ ಓ.ಪಿ. ನಯ್ಯರ್ ಹಾಡು ಕೇಳಿದವ್ರಿಗೆ ಕಾಶ್ಮೀರ ಅಂದ್ರ ಶಿಕಾರಾ ದೋಣಿ, ಸರೋವರ, ಶಮ್ಮಿ ಕಪೂರ್, ಮುಗೀತು. 1992ಕ್ಕ 'ರೋಜಾ' ಬಂತು, ಎ.ಆರ್. ರೆಹಮಾನ್ ಮೊದಲನೇ ಪಿಕ್ಚರು, ಕ್ಯಾಸೆಟ್ ಹಚ್ಚಿದ್ರ ಸಾಕು ಎದಿ ಉಬ್ಬತಿತ್ತು, ಈಗ್ಲೂ ಉಬ್ಬತೈತಿ, ಆದ್ರ ಅವತ್ತಿನಿಂದ ಕಾಶ್ಮೀರ ಅಂದ್ರ ಬಂದೂಕು, ಕಿಡ್ನ್ಯಾಪು, ಬಾವುಟ ಇಷ್ಟೇ ಅಂತ ತಲಿಯೊಳಗ ಕುಂತಬಿಡ್ತು. ಗಲಾಟಿ ಜೋರಿದ್ದದ್ದಕ್ಕ ಶೂಟಿಂಗ್ ಸೈತ ಅಲ್ಲಿ ಆಗ್ಲಿಲ್ಲ, ನಾವು ಕಣ್ಣು ಅಗಲಿಸಿ ನೋಡಿದ ಹಿಮ ಮನಾಲಿ ಕಡೇದು. 1987ರ ಇಲೆಕ್ಷನ್‌ದಾಗ ಮೋಸ ಆತಂತ ಅಲ್ಲಿನ ಹುಡುಗರು ಸಿಟ್ಟಿಗೆದ್ದಿದ್ದು, ಗಡಿ ಆಚಿಂದ ಬಂದೂಕು ಬಂದಿದ್ದು, 1990ರಾಗ ಪಂಡಿತರು, ಅಂದ್ರ ಅಲ್ಲಿನ ಹಿಂದೂ ಮಂದಿ, ಮನಿಮಠ ಬಿಟ್ಟು ಜಮ್ಮುದಾಗ ಟೆಂಟಿನ್ಯಾಗ ಬಿದ್ದದ್ದು, ಇದೆಲ್ಲಾ ಒಂದು ಹಾಡಿನ್ಯಾಗ ಎಲ್ಲಿ ಹಿಡಸ್ತೈತ್ರಿ.

ಅದಕ್ಕ ಕಾಕಾ ಏನ್ ಮಾಡ್ತಾರಂದ್ರ, ಯಾರರ 'ರೋಜಾ' ಕ್ಯಾಸೆಟ್ ತಗೊಂಡ್ರ ಎರಡು ಇಂಗ್ಲಿಷ್ ಬುಕ್ಕು ತಂದು ಮುಂದ ಇಡ್ತಾರ, ಒಂದು ರಾಹುಲ್ ಪಂಡಿತಾ ಬರದದ್ದು, ಹುಡುಗ ಇದ್ದಾಗ ಶ್ರೀನಗರ ಬಿಟ್ಟು ಬಂದ ಪಂಡಿತರ ಮನಿಯವ್ರು, ಇನ್ನೊಂದು ಬಶಾರತ್ ಪೀರ್ ಅವ್ರದು, ಅದೇ ಹೊತ್ತಿನ್ಯಾಗ ಅನಂತನಾಗ ಕಡೆ ಹಳ್ಳಿಯೊಳಗ ಕರ್ಫ್ಯೂ, ಮಿಲಿಟರಿ ತಪಾಸಣಿ ನೋಡ್ಕೋತ ಬೆಳದವ್ರು. "ತಮ್ಮಾ, ಒಂದ ಒಯ್ಯಬ್ಯಾಡ, ಎರಡೂ ಓದು" ಅಂತಾರ, ಎರಡೂ ತಗೊಂಡ್ರ ರೇಟ್ ಇಳಸ್ತಾರ. ಇದು ನನಗ ಭಾಳ ಸೇರ್ತು, ಯಾಕಂದ್ರ ಒಂದನ್ನ ಓದಿ ಇನ್ನೊಬ್ಬರ ಮ್ಯಾಲೆ ಹರಿಹಾಯೋರು ಕಟ್ಟಿಗೊಬ್ಬರು ಸಿಗ್ತಾರ, ಎರಡೂ ಮನಿಯಾಗಿನ ಅಳು ಕೇಳಿದವ್ರು ಸಿಗೋದು ಕಡಿಮಿ.

ನಾ ಹೋದಾಗ ಟೇಪ್‌ರಿಕಾರ್ಡರ್‌ದಾಗ 'ಮಿಷನ್ ಕಾಶ್ಮೀರ್' (2000) ಪಿಕ್ಚರಿನ 'ಬುಂಬ್ರೋ' ಹಚ್ಚಿದ್ರು. ಮದುವಿ ಡಾನ್ಸಿಗೆ ಹಚ್ಚೋ ಹಾಡು ಅಂತಷ್ಟೇ ನಾವು ತಿಳ್ಕೊಂಡಿರ್ತೀವಿ. ಅದರ ಬೇರು 1953ರ ಕಾಶ್ಮೀರಿ ಸಂಗೀತ ನಾಟಕದಾಗ ಐತಿ, ದುಂಬಿ ಮತ್ತ ನರ್ಗಿಸ್ ಹೂವಿನ ಕಥಿ, ಬರದವ್ರು ದೀನಾನಾಥ್ ನಾದಿಮ್, ಕಾಶ್ಮೀರಿ ಪಂಡಿತರು. ಕಂಪನಿ ನಾಟಕದ ಹಾಡು ಕೇಳ್ಕೋತ ಬೆಳದ ನಮ್ಮ ಮಂದಿಗೆ ಇದು ಗೊತ್ತಾದ್ರ ಆ ಊರು ಬರೇ ಸುದ್ದಿ ಆಗಿ ಉಳಿಯಂಗಿಲ್ಲ, ಅಲ್ಲೂ ನಾಟಕ ಆಡ್ತಿದ್ರು, ಹಾಡ್ತಿದ್ರು ಅನ್ನೋದು ಮನಸ್ಸಿಗೆ ತಟ್ತೈತಿ.

ಕೊರತಿ ಅಂದ್ರ ಒಳಗ ಬೆಳಕು ಸಾಲಂಗಿಲ್ಲ, ಹಳೇ ಕ್ಯಾಸೆಟ್ಟಿಗೆ ಬೂಷ್ಟು ಹಿಡದಿರ್ತೈತಿ, ಅಲ್ಲೇ ಹಚ್ಚಿ ಕೇಳಿ ತಗೋರಿ. ದೊಡ್ಡ ಕೊರತಿ, ಕನ್ನಡ ಬುಕ್ಕು ಆ ಕಪಾಟಿನ್ಯಾಗ ಭಾಳ ಕಡಿಮಿ. 11ನೇ ಶತಮಾನದಾಗ ಕಾಶ್ಮೀರದ ಬಿಲ್ಹಣ ನಮ್ಮ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನಕ್ಕ ಬಂದು ಕಾವ್ಯ ಬರದ, ಅಷ್ಟು ಹಳೇ ನಂಟೈತಿ. ಹೋದವ್ರು ಕಾಶ್ಮೀರದ ಕನ್ನಡ ಬುಕ್ಕು ತರಸ್ರಿ ಅಂತ ಕಾಕಾಗ ಹೇಳ್ರಿ, ಕೇಳವ್ರು ಹೆಚ್ಚಾದ್ರ ಅವ್ರು ಖರೇನ ತರಸ್ತಾರ. ಸದ್ಯಕ್ಕ 5ಕ್ಕ 4.