ಜೈಲಿನ ಬದಲು ಚಿಕಿತ್ಸೆ: ಕಲಂ 64ಎ ಒಳ್ಳೆಯದೋ, 39 ಒಳ್ಳೆಯದೋ?

ಗಾಂಜಾ ಸೇದಿ ಸಿಕ್ಕಿಬಿದ್ದ ಮಗನಿಗೆ ಜೈಲೇ ಗತಿ ಅಂತ ಕೈಚೆಲ್ಲಬೇಡಿ. ಮಾದಕವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಎರಡು ದಾರಿಗಳಿವೆ.

ಕಲಂ 64ಎ: ಸೇವನೆಯ ಅಥವಾ ಅಲ್ಪ ಪ್ರಮಾಣದ (ಗಾಂಜಾ ಆದರೆ 1 ಕೆ.ಜಿ.ಗಿಂತ ಕಡಿಮೆ) ಕೇಸಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಅದು ರದ್ದಾಗಬಹುದು. ಅದಕ್ಕೇ ಒಪಿಡಿ ಚೀಟಿ, ಡಿಸ್ಚಾರ್ಜ್ ಕಾಗದ ಒಂದೂ ಕಳೆಯದಂತೆ ಫೈಲಿನಲ್ಲಿಡಿ.

ಕಲಂ 39 ಬರುವುದು ತಪ್ಪು ಸಾಬೀತಾದ ಮೇಲೆ. ಕೋರ್ಟು ಒಪ್ಪಿದರೆ ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡುತ್ತದೆ. ಹೆಚ್ಚೆಂದರೆ ಒಂದು ವರ್ಷದೊಳಗೆ ವರದಿ ಒಪ್ಪಿಸಬೇಕು.

ನನ್ನ ಕೇಳಿದರೆ ಮೊದಲನೆಯದೇ ಮೇಲು: ಅಪರಾಧಿ ಎಂಬ ಹಣೆಪಟ್ಟಿ ಬೀಳುವ ಮುಂಚೆಯೇ ಔಷಧಿ ಶುರುವಾಗುತ್ತದೆ. ವಕೀಲರನ್ನು ಇವತ್ತೇ ಕಾಣಿ. ವ್ಯಸನಮುಕ್ತಿ ಸಹಾಯವಾಣಿ 14446.