ಶೀಟ್ ಮೇಲಿನ ಕೆಲಸಕ್ಕೆ ಡಬಲ್ ಹುಕ್ ಹಾರ್ನೆಸ್ ಮತ್ತು 20 ಮೀಟರ್ ಲೈಫ್‌ಲೈನ್ ಕಿಟ್: ಎಲ್ಲಿ ಸಾಕು, ಎಲ್ಲಿ ಸಾಲದು

ತಪಾಸಣೆಗೆ ಬಂದವರು ಶೆಡ್ಡಿನ ಚಾವಣಿ ನೋಡಿ ನೋಟೀಸು ಕೊಟ್ಟರೆ, ಕಾರ್ಖಾನೆಯವರು ಮೊದಲು ಕೊಳ್ಳುವುದು ಈ ಜೋಡಿಯನ್ನೇ. ಮೈತುಂಬ ಪಟ್ಟಿಯ ಬೆಲ್ಟ್, ಅದನ್ನು ಆಧಾರಕ್ಕೆ ಸೇರಿಸುವ ಎರಡು ಹುಕ್ಕಿನ ಹಗ್ಗ ಅಂದರೆ ಲ್ಯಾನ್ಯಾರ್ಡ್, ಜೊತೆಗೆ ಹುಕ್ಕು ಸಿಕ್ಕಿಸಲು ಅಡ್ಡಕ್ಕೆ ಬಿಗಿಯುವ, ರಾಚೆಟ್ ಇರುವ ಪಾಲಿಯೆಸ್ಟರ್ ಪಟ್ಟಿ ಅಂದರೆ ಲೈಫ್‌ಲೈನ್.

ಬೆಲ್ಟ್ ಚೆನ್ನಾಗಿದೆ. ಭಾರತೀಯ ಮಾನಕ ಐಎಸ್ 3521ರ ಗುರುತು, ತಯಾರಾದ ತಿಂಗಳು, ಸೀರಿಯಲ್ ನಂಬರು ಇರುವ ಚೀಟಿ ಹೊಲಿಗೆಯೊಳಗೇ ಇದೆಯೇ ನೋಡಿಕೊಳ್ಳಿ. ಬೆನ್ನಿನ ಡಿ-ರಿಂಗ್ ಎರಡು ಭುಜದೆಲುಬುಗಳ ನಡುವೆ ಕೂರಬೇಕು. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಹುಕ್ಕಿನ ಬಾಯಿ 48 ಮಿ.ಮೀ. ಸಾರುವೆ ಪೈಪಿನ ಮೇಲೆ ಸಲೀಸಾಗಿ ಕೂರುತ್ತದೆ, ಲಾಕ್ ತಾನಾಗಿಯೇ ಬೀಳುತ್ತದೆ. ಬಳಸದ ಹುಕ್ಕನ್ನು ಸೊಂಟದ ಗಟ್ಟಿ ರಿಂಗಿಗೆ ಸಿಕ್ಕಿಸುವ ಅಭ್ಯಾಸ ಮಾತ್ರ ಬಿಡಲೇಬೇಕು: ಬಿದ್ದಾಗ ಲ್ಯಾನ್ಯಾರ್ಡಿನ ಆ ಎಳೆ ಬಿಗಿದುಕೊಂಡು ಶಾಕ್ ಅಬ್ಸಾರ್ಬರ್ (ಬಿಚ್ಚಿಕೊಂಡು ಹೊಡೆತ ತಗ್ಗಿಸುವ ಮಡಿಕೆ ಪಟ್ಟಿ) ಬಿಚ್ಚದಂತೆ ತಡೆಯುತ್ತದೆ, ಹೊಡೆತವೆಲ್ಲ ಬೆನ್ನಿಗೇ ಬೀಳುತ್ತದೆ. ಬಳಸದ ಹುಕ್ಕನ್ನು ಸಿಕ್ಕಿಸಿಡಲು, ಎಳೆದರೆ ಕಳಚಿಕೊಳ್ಳುವ ಕೀಪರ್ ಎದೆಯ ಪಟ್ಟಿಯಲ್ಲಿ ಇರುವ ಮಾದರಿಯನ್ನೇ ಕೇಳಿ. ವೆಲ್ಡಿಂಗ್ ಮಾಡುವವರಿಗೆ ಪಾಲಿಯೆಸ್ಟರ್ ಬೇಡ, ಕಿಡಿ ತಡೆಯುವ ಅರಾಮಿಡ್ ಪಟ್ಟಿ ಬೇಕು.

ಲೈಫ್‌ಲೈನ್ ವಿಷಯಕ್ಕೆ ಬಂದರೆ ನಮ್ಮ ತಕರಾರು ಇಲ್ಲಿಂದ ಶುರು. ಮೇಸ್ತ್ರಿಗಳು ಅದನ್ನು ಕೈಗೆ ಸಿಕ್ಕ ಪರ್ಲಿನ್ನಿಗೆ (ಶೀಟನ್ನು ಹೊರುವ ಅಡ್ಡ ತೊಲೆ) ಸುತ್ತುತ್ತಾರೆ. ತೆಳು ತಗಡಿನ ಸಿ-ಪರ್ಲಿನ್ನಿನ ಅಂಚು ಪಟ್ಟಿಯನ್ನು ಕೊಯ್ಯುತ್ತದೆ. ಅಲ್ಲದೆ ಅಡ್ಡಕ್ಕೆ ಬಿಗಿದ ಲೈನಿನ ನಡುವೆ ಒಬ್ಬ ಬಿದ್ದರೆ, ಅವನ ಮೇಲಿನ ಜಗ್ಗಿಗಿಂತ ಎರಡೂ ತುದಿಗಳ ಮೇಲಿನ ಜಗ್ಗು ಜಾಸ್ತಿ. ಲೈನ್ ಕಟ್ಟುವ ಆಧಾರ, ಚಾವಣಿ ಹೊರುವ ಟ್ರಸ್ಸಿನ ಮುಖ್ಯ ಆ್ಯಂಗಲ್ ಅಥವಾ ಕಂಬವೇ ಆಗಬೇಕು. ಅದು ತಡೆಯುತ್ತದೆಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು, ಅಂಚಿಗೆ ವೈರ್ ರೋಪ್ ಸ್ಲಿಂಗ್ ಹಾಕಬೇಕು.

ಇನ್ನು, ಬಿದ್ದವನು ನೆಲಕ್ಕೆ ತಾಗದೆ ನಿಲ್ಲಲು ಹುಕ್ಕಿನ ಕೆಳಗೆ ಎಷ್ಟು ಜಾಗ ಬೇಕೆಂಬ ಲೆಕ್ಕ. ಹುಕ್ಕು ಕಾಲಿನ ಮಟ್ಟದಲ್ಲಿದ್ದರೆ ಲ್ಯಾನ್ಯಾರ್ಡ್ 1.8 ಮೀ., ಅಬ್ಸಾರ್ಬರ್ ಬಿಚ್ಚುವುದು ಸುಮಾರು 1.75, ಡಿ-ರಿಂಗಿನಿಂದ ಪಾದಕ್ಕೆ 1.5, ಪಾದದ ಕೆಳಗೆ ಬಿಡಬೇಕಾದ ಸುರಕ್ಷತೆಯ ಅಂತರ 1: ಒಟ್ಟು 6 ಮೀಟರ್ ದಾಟಿತು. ಲೈನ್ ಜೋಲುವುದು ಇದಕ್ಕೆ ಸೇರಿಲ್ಲ. ಶೆಡ್ಡಿನ ಎತ್ತರ 6 ಮೀಟರ್ ಇದ್ದರೆ ಬೆಲ್ಟ್ ಹಾಕಿಯೂ ಆತ ನೆಲಕ್ಕೋ ಮೆಷಿನ್ನಿಗೋ ಬಡಿಯಬಹುದು. ನೋಟೀಸಿಗೆ ಬೆಲ್ಟಿನ ಬಿಲ್ಲು ಲಗತ್ತಿಸಿ ಉತ್ತರ ಕೊಡುವವರು ಈ ಲೆಕ್ಕ ಹಾಕಿರುವುದಿಲ್ಲ, ಅದೇ ನಮಗೆ ಭಯ.

ಹಳೆಯ ಸಿಮೆಂಟ್ ಶೀಟಿನ ಚಾವಣಿಯಲ್ಲಿ ಅಂಚು ತಪ್ಪಿ ಬೀಳುವುದೊಂದೇ ಅಲ್ಲ, ಕಾಲಿಟ್ಟಲ್ಲೇ ಶೀಟ್ ಒಡೆಯುತ್ತದೆ. ಬೆಳಕಿಗೆಂದು ಹಾಕಿದ ಫೈಬರ್ ಶೀಟು ಧೂಳು ಹಿಡಿದರೆ ಪಕ್ಕದ್ದರಿಂದ ಬೇರೆ ಎಂದು ಗೊತ್ತೇ ಆಗುವುದಿಲ್ಲ. ಅಂಥ ಕಡೆ ಮೊದಲು ಕೆಳಗಿನಿಂದ, ಸಿಸರ್ ಲಿಫ್ಟ್ ಅಥವಾ ಚಕ್ರದ ಸಾರುವೆ ಮೇಲೆ ಕೆಲಸ ಆಗುತ್ತದೆಯೇ ನೋಡಿ. ಆಗದಿದ್ದರೆ ಶೀಟಿನ ಹತ್ತಿರದಲ್ಲೇ ಸೇಫ್ಟಿ ನೆಟ್, ಮೇಲೆ ಕನಿಷ್ಠ ಎರಡು ಪರ್ಲಿನ್ನುಗಳನ್ನು ದಾಟುವಷ್ಟು ಉದ್ದದ ನಡೆಹಲಗೆ, ಫೈಬರ್ ಶೀಟಿಗೆ ಗಟ್ಟಿ ಜಾಲರಿ. ಬೆಲ್ಟ್ ಇವುಗಳ ಜೊತೆಗೆ.

ಎತ್ತರದ ಟ್ರಸ್, ಟವರ್, ಸಾರುವೆ ಕೆಲಸಕ್ಕೆ ಬೆಲ್ಟನ್ನು ಧಾರಾಳವಾಗಿ ಕೊಳ್ಳಿ. ಕಿಟ್ಟಿನಲ್ಲಿ ನೇತಾಡುವವನನ್ನು ಇಳಿಸುವ ಸಾಮಾನು ಇಲ್ಲ, ಕಾಲೂರುವ ಪಟ್ಟಿಯೂ ಇಲ್ಲ. ತೊಡೆಯ ಪಟ್ಟಿ ರಕ್ತ ಹಿಡಿಯುವುದರಿಂದ ನಿಮಿಷಗಳಲ್ಲೇ ಇಳಿಸಬೇಕಾಗುತ್ತದೆ. ಇವೆರಡನ್ನೂ ಅದೇ ಆರ್ಡರಿನಲ್ಲಿ ಸೇರಿಸಿ.